ಕಜಿಯಾಡೊ ಆಮೆ, ಕೇಪ್ ಆಮೆ: ಟೇಪ್ ಹಿಡಿದು ನೋಡಿದ್ದು

ಆಫ್ರಿಕಾದ ಚಿರತೆ ಆಮೆ ಎಷ್ಟು ದೊಡ್ಡದಾಗುತ್ತೆ ಅಂತ ಯಾರಾದರೂ ಕೇಳಿದರೆ, ಯಾವ ಊರಿನದು ಅಂತ ನಾನು ತಿರುಗಿ ಕೇಳುತ್ತೇನೆ. ಯಾವ ಉಪಜಾತಿ, ಅಂದರೆ ಆ ಜಾತಿಯೊಳಗಿನ ಯಾವ ಪಂಗಡ ಅಂತ ಕೇಳುವುದಿಲ್ಲ. ಮೊದಲು ಅದನ್ನೇ ಕೇಳುತ್ತಿದ್ದೆ.

ನಾನು ವಿಂಡ್‌ಮಿಲ್ ಸೈಟ್‌ಗಳಲ್ಲಿ ಸಿವಿಲ್ ಕೆಲಸ ನೋಡಿಕೊಳ್ಳುವವನು. ಚಿತ್ರದುರ್ಗದ ಗುಡ್ಡಗಳ ಮೇಲೆ ಕಲಿತ ಕೆಲಸ. ಅದೇ ಕೆಲಸದ ಮೇಲೆ ಮೊದಲು ಕೀನ್ಯಾದ ಕಜಿಯಾಡೊಗೆ, ಆಮೇಲೆ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ಗೆ ಹೋದೆ. ಎರಡೂ ಕಡೆ ರಸ್ತೆ ಕಡಿಯುವ ಮುಂಚೆ ಪರಿಸರ ಅಧಿಕಾರಿಯ ಜತೆ ಆ ದಾರಿಯನ್ನು ನಡೆದು ನೋಡಬೇಕಿತ್ತು. ಆಮೆ ಸಿಕ್ಕರೆ ಅಳೆದು, ಬರೆದುಕೊಂಡು, ಮೆಷಿನ್ ಬಾರದ ಕಡೆ ಬಿಡಬೇಕು. ಇಲ್ಲಿ ಹೇಳುವ ಹೋಲಿಕೆ ಆ ನಡಿಗೆಯಲ್ಲಿ ಕಂಡದ್ದು.

ಹಳೆಯ ಪುಸ್ತಕಗಳ ಲೆಕ್ಕ ಸುಲಭ. ಈ ಆಮೆಗೆ 1828ರಲ್ಲಿ ಬೆಲ್ ಎಂಬುವರು ಪಾರ್ಡಾಲಿಸ್ ಅಂತ ಹೆಸರಿಟ್ಟರು. 1935ರಲ್ಲಿ ಲವ್‌ರಿಡ್ಜ್ ಎಂಬುವರು ಬ್ಯಾಬ್‌ಕಾಕಿ ಅನ್ನುವ ಉಪಜಾತಿ ಸೇರಿಸಿದರು. ದಕ್ಷಿಣ ಆಫ್ರಿಕಾದ ಪಶ್ಚಿಮ ಭಾಗ ಮತ್ತು ನಮೀಬಿಯಾದ ದಕ್ಷಿಣ ಭಾಗದ್ದು ಪಾರ್ಡಾಲಿಸ್. ಅಲ್ಲಿಂದ ಮೇಲೆ ಇಥಿಯೋಪಿಯಾ, ಸೊಮಾಲಿಯಾವರೆಗೆ ಇರುವುದೆಲ್ಲ ಬ್ಯಾಬ್‌ಕಾಕಿ. ಆಮೆ ಸಾಕುವವರ ಬಾಯಲ್ಲಿ ಇದು ಇನ್ನೂ ಚಿಕ್ಕದಾಯಿತು: ಪಾರ್ಡಾಲಿಸ್ ಅಂದರೆ ದೊಡ್ಡದು, ಬ್ಯಾಬ್‌ಕಾಕಿ ಅಂದರೆ ಸಣ್ಣದು. ನಾನೂ ಇದನ್ನೇ ನಂಬಿಕೊಂಡು ಹೋಗಿದ್ದೆ.

ಕಜಿಯಾಡೊದಲ್ಲಿ ಮೊದಲು ಸಿಕ್ಕಿದ್ದು ಒಂದು ಹೆಣ್ಣು. ಜಾಲಿ ಮುಳ್ಳಿನ ನೆರಳಲ್ಲಿ ಒಣ ಹುಲ್ಲು ಎಳೆಯುತ್ತಾ ನಿಂತಿತ್ತು. ನಮ್ಮ ಮಸಾಯಿ ಕಾವಲುಗಾರ 'ಕೋಬೆ' ಅಂದ. ಸ್ವಾಹಿಲಿಯಲ್ಲಿ ಆಮೆಗೆ ಅದೇ ಮಾತು. ಹಳದಿ ಚಿಪ್ಪಿನ ಮೇಲೆ ಕಪ್ಪು ಚುಕ್ಕೆ, ಪಟ್ಟೆ. ಚಿಪ್ಪಿನ ಪ್ರತಿ ಬಿಲ್ಲೆಯೂ ಸ್ವಲ್ಪ ಉಬ್ಬಿತ್ತು. ಹತ್ತಿರ ಹೋದಾಗ ಬುಸ್ ಅಂತ ಉಸಿರು ಬಿಟ್ಟು ತಲೆ ಒಳಗೆಳೆದುಕೊಂಡಿತು. ಹಿಂದೊಡೆಯಲ್ಲಿ ಗಟ್ಟಿ ಮುಳ್ಳಿನಂಥ ಗಂಟುಗಳು ಎದ್ದು ಕಾಣುತ್ತಿದ್ದವು.

ಜೇಬಿನಲ್ಲಿದ್ದ ಟೇಪ್ ತೆಗೆದು ಬೆನ್ನ ಮೇಲೆ ಹಾಕಿದೆ. 45 ಸೆಂ.ಮೀ. ಬಂತು. ಪರಿಸರ ಅಧಿಕಾರಿ ನನ್ನ ಕೈ ಹಿಡಿದು ನಿಲ್ಲಿಸಿದರು. ಮುಂದೊಂದು ಹಿಂದೊಂದು ಗುದ್ದಲಿ ಕಾವು ನೆಟ್ಟಗೆ ನಿಲ್ಲಿಸಿ, ಎರಡರ ನಡುವೆ ನೇರವಾಗಿ ಅಳೆದರು. 33! ಅದೇ ಆಮೆ, ಅದೇ ಟೇಪ್. ಬೆನ್ನು ಗುಮ್ಮಟದ ಹಾಗಿದ್ದರೆ ಟೇಪ್ ಆ ಏರು ಇಳಿವನ್ನೂ ಸೇರಿಸಿಕೊಳ್ಳುತ್ತೆ. ಆಮೆಯ ಗಾತ್ರದ ಬಗ್ಗೆ ನಡೆಯುವ ಜಗಳಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತೆ ಅಂತ ನನಗೆ ಅನ್ನಿಸುತ್ತೆ. ಒಬ್ಬರು ಬೆನ್ನ ಮೇಲಿಂದ ಅಳೆದಿರುತ್ತಾರೆ, ಇನ್ನೊಬ್ಬರು ನೇರ ಅಳೆದಿರುತ್ತಾರೆ. ನಾನು ಮುಂದೆ ಹೇಳುವುದೆಲ್ಲ ನೇರ ಅಳತೆ.

ಎತ್ತರ 19 ಸೆಂ.ಮೀ., ತೂಕ ಆರೂವರೆ ಕೆ.ಜಿ. ಆ ಸೈಟ್‌ನಲ್ಲಿ ನಾನು ನೋಡಿದ ದೊಡ್ಡ ಹೆಣ್ಣುಗಳೆಲ್ಲ ಹೆಚ್ಚು ಕಮ್ಮಿ ಇಷ್ಟೇ. ಗಂಡು ಇನ್ನೂ ಸಣ್ಣದು. ಮಗುಚದೇ ಗಂಡು ಹೆಣ್ಣು ಹೇಳಬಹುದು, ಗಂಡಿನ ಬಾಲ ಉದ್ದ. ಹೊಟ್ಟೆಯ ಚಿಪ್ಪೂ ಒಳಕ್ಕೆ ತಗ್ಗಾಗಿರುತ್ತೆ. ಗಂಡನ್ನು ಹೆಣ್ಣಿಗೆ ಹೋಲಿಸಿದರೆ ಲೆಕ್ಕ ಮತ್ತೆ ಕೆಡುತ್ತೆ, ಹಾಗಾಗಿ ಹೆಣ್ಣನ್ನು ಹೆಣ್ಣಿಗೇ ಹೋಲಿಸಿದ್ದೇನೆ.

ಒಂದು ಮಾತು ಹೇಳಲೇಬೇಕು. ಸುಮ್ನೆ ಕುತೂಹಲಕ್ಕೆ ಇವನ್ನು ಎತ್ತಬೇಡಿ. ಹೆದರಿದರೆ ಆಮೆ ಮೂತ್ರ ಬಿಟ್ಟುಬಿಡುತ್ತೆ. ಒಣ ಕಾಲದಲ್ಲಿ ಅದು ಕೂಡಿಟ್ಟುಕೊಂಡ ನೀರು ಅದು. ನಾವು ಎತ್ತಬೇಕಾದಾಗ ನೆಲದಿಂದ ಒಂದು ಗೇಣು ಮಾತ್ರ, ಓರೆಯಾಗದಂತೆ ಎತ್ತುತ್ತಿದ್ದೆವು. ಬಿಟ್ಟ ಜಾಗದಲ್ಲಿ ತಟ್ಟೆಯಲ್ಲಿ ನೀರು ಇಡುತ್ತಿದ್ದೆವು.

ಈಸ್ಟರ್ನ್ ಕೇಪ್‌ಗೆ ಹೋದ ಎರಡನೇ ವಾರ. ಅಡ್ಡೋ ಆನೆಗಳ ರಾಷ್ಟ್ರೀಯ ಉದ್ಯಾನ ಇರುವ ಪ್ರಾಂತ್ಯ ಅದು. ಸ್ಪೆಕ್‌ಬೂಮ್ ಅನ್ನುವ ರಸ ತುಂಬಿದ ದಪ್ಪ ಎಲೆಯ ಗಿಡ ಪೊದೆ ಪೊದೆಯಾಗಿ ಬೆಳೆದಿತ್ತು. ಒಂದು ಪೊದೆ ಅಲ್ಲಾಡಿತು. ಹಂದಿ ಇರಬೇಕು ಅಂದುಕೊಂಡೆ. ಬಂದದ್ದು ಹೆಣ್ಣು ಆಮೆ! ನೇರ ಅಳತೆ 56 ಸೆಂ.ಮೀ., ಎತ್ತರ 31. ಗೋಣಿಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯಲ್ಲಿ 29 ಕೆ.ಜಿ. ತೋರಿಸಿತು. ಇಬ್ಬರು ಹಿಡಿದು ಎತ್ತಬೇಕಾಯಿತು. ಚಿಪ್ಪಿನ ಬಣ್ಣ ಮಾಸಿ ಬೂದು ಕಂದಾಗಿತ್ತು, ಚುಕ್ಕೆಗಳು ಬಹುಪಾಲು ಅಳಿಸಿಹೋಗಿದ್ದವು. ಬಾಯಿಯ ಎರಡೂ ಕಡೆ ಹಸಿರು ರಸ ಅಂಟಿತ್ತು. ಕಜಿಯಾಡೊದ ಹೆಣ್ಣಿಗಿಂತ ಉದ್ದ ಎರಡರಷ್ಟೂ ಇಲ್ಲ, ತೂಕ ಮಾತ್ರ ನಾಲ್ಕು ಪಟ್ಟಿಗೂ ಜಾಸ್ತಿ. ಅಲ್ಲಿನ ಆಫ್ರಿಕಾನ್ಸ್ ಮಾತನಾಡುವ ರೈತರು ಇದನ್ನು 'ಬೆಟ್ಟದ ಆಮೆ' ಅಂತ ಕರೆಯುತ್ತಾರೆ. ಆ ಹೆಸರು ಚೆನ್ನಾಗಿ ಒಪ್ಪುತ್ತೆ.

ಹಾಗಾದರೆ ಪುಸ್ತಕದ ಮಾತೇ ಸರಿ ಅಲ್ವಾ, ದಕ್ಷಿಣದ್ದು ದೊಡ್ಡದು? ಅಲ್ಲೇ ತೊಡಕು ಇರುವುದು. ಎರಡು ಉಪಜಾತಿಗಳ ನಡುವೆ ಹಳೆಯ ಪುಸ್ತಕಗಳು ಎಳೆದ ಗೆರೆಯ ಅಂಚಿನಲ್ಲಿರುವ ಜಾಗ ಈಸ್ಟರ್ನ್ ಕೇಪ್. ಇತ್ತ ಬ್ಯಾಬ್‌ಕಾಕಿಯ ಸೀಮೆಯಲ್ಲೇ ಉತ್ತರಕ್ಕೆ ಹೋಗುತ್ತಾ ಹೋಗಿ. ಸೊಮಾಲಿಯಾ, ಇಥಿಯೋಪಿಯಾ ಕಡೆ ಮತ್ತೆ ದೈತ್ಯ ಆಮೆಗಳು ಸಿಗುತ್ತವೆ. ಅಲ್ಲಿ ಅಳತೆ ಮಾಡಿದವರು ಈಸ್ಟರ್ನ್ ಕೇಪ್‌ಗೆ ಸರಿಸಮನಾದ ಗಾತ್ರ ಕಂಡಿದ್ದಾರೆ. ಅಂದರೆ ಎರಡು ತುದಿಯಲ್ಲೂ ದೊಡ್ಡದು, ನಡುವೆ ಸಣ್ಣದು. ಬ್ಯಾಬ್‌ಕಾಕಿ ಅನ್ನುವ ಒಂದೇ ಹೆಸರಿನ ಕೆಳಗೆ ಕಜಿಯಾಡೊದ ಆರೂವರೆ ಕೆ.ಜಿ. ಹೆಣ್ಣೂ ಇದೆ, ಸೊಮಾಲಿಯಾದ ದೈತ್ಯವೂ ಇದೆ. ಇಂಥ ಹೆಸರು ಗಾತ್ರದ ಬಗ್ಗೆ ಏನು ಹೇಳೀತು?

ಉಳಿದ ಗುರುತುಗಳನ್ನೂ ನೋಡಿದೆ. ಬ್ಯಾಬ್‌ಕಾಕಿಯ ಬೆನ್ನು ಎತ್ತರ, ಪಾರ್ಡಾಲಿಸ್‌ನದು ಚಪ್ಪಟೆ ಅನ್ನುತ್ತಾರೆ. ನನ್ನ ಎರಡು ಹೆಣ್ಣುಗಳಲ್ಲಿ ಉದ್ದಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಹೆಚ್ಚು ಕಮ್ಮಿ ಒಂದೇ ಬಂತು. ಮರಿಯ ಬಿಲ್ಲೆಯಲ್ಲಿ ಎರಡು ಚುಕ್ಕೆ ಇದ್ದರೆ ಪಾರ್ಡಾಲಿಸ್, ಒಂದೇ ಇದ್ದರೆ ಅಥವಾ ಇಲ್ಲದಿದ್ದರೆ ಬ್ಯಾಬ್‌ಕಾಕಿ ಅಂತಲೂ ಹೇಳುತ್ತಾರೆ. ಕೇಪ್ ಸೈಟ್‌ನಲ್ಲಿ ಒಂದೇ ದಿನ ಎರಡೂ ಥರದ ಮರಿ ಸಿಕ್ಕವು. 2010ರಲ್ಲಿ ಬಂದ ಜೀನ್ ಅಧ್ಯಯನದಲ್ಲೂ ಈ ಎರಡು ಉಪಜಾತಿಗಳ ವಿಂಗಡಣೆಗೆ ಆಧಾರ ಸಿಗಲಿಲ್ಲ. ಈಗ ಬಹಳಷ್ಟು ಜನ ಇದನ್ನು ಉಪಜಾತಿ ಇಲ್ಲದ ಒಂದೇ ಜಾತಿ ಅಂತಲೇ ಬರೆಯುತ್ತಾರೆ.

ನಮ್ಮ ನಕ್ಷತ್ರ ಆಮೆಯಲ್ಲೂ ಇದೇ ಕತೆ. ಕೋಲಾರದ ಕಡೆ ಕಾಣುವುದು ಸಣ್ಣದು. ರಾಜಸ್ಥಾನದ್ದು, ಶ್ರೀಲಂಕಾದ್ದು ದೊಡ್ಡದು. ಅಲ್ಲೂ ಎರಡು ತುದಿ ದೊಡ್ಡದು, ನಡುವೆ ಸಣ್ಣದು. ಹೆಸರು ಮಾತ್ರ ಎಲ್ಲ ಕಡೆ ಒಂದೇ.

ಈ ಗಾತ್ರದ ಮಾತು ನನಗೆ ಯಾಕೆ ಇಷ್ಟು ಮುಖ್ಯ ಅಂದರೆ, ಬೇಲಿ. ಕೇಪ್‌ನ ತೋಟಗಳಲ್ಲಿ ಕರೆಂಟ್ ಬೇಲಿ ಜಾಸ್ತಿ. ಶಾಕ್ ಹೊಡೆದರೆ ದನ ಹಿಂದಕ್ಕೆ ಹಾರುತ್ತೆ. ಆಮೆ ಹಾಗಲ್ಲ, ಇದ್ದ ಜಾಗದಲ್ಲೇ ಚಿಪ್ಪಿನೊಳಗೆ ಸೇರಿಕೊಳ್ಳುತ್ತೆ. ತಂತಿ ತಗುಲಿಕೊಂಡೇ ಇರುತ್ತೆ, ಶಾಕ್ ಮೇಲೆ ಶಾಕ್ ಹೊಡೆಯುತ್ತಲೇ ಇರುತ್ತೆ. ಹೀಗೆ ಸತ್ತ ಮೂರು ಆಮೆಗಳ ಚಿಪ್ಪುಗಳನ್ನು ನಮ್ಮ ಸೈಟ್ ಪಕ್ಕದ ಒಂದೇ ಬೇಲಿಯಲ್ಲಿ ನೋಡಿದೆ. ಮೂರೂ ದೊಡ್ಡವು. ಎಷ್ಟೋ ವರ್ಷ ಬದುಕಿ ಬೆಳೆದವು. ಕೆಳಗಿನ ತಂತಿ ನೆಲದಿಂದ 25 ಸೆಂ.ಮೀ. ಎತ್ತರದಲ್ಲಿತ್ತು. ಕಜಿಯಾಡೊದ ಹೆಣ್ಣು ಅದರ ಕೆಳಗೆ ಆರಾಮಾಗಿ ದಾಟಿ ಹೋಗುತ್ತಿತ್ತು.

ಆ ತೋಟದವರನ್ನು ಕರೆದುಕೊಂಡು ಹೋಗಿ ಚಿಪ್ಪುಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಅವರೇ ನನ್ನ ಟೇಪ್ ಇಸಿದುಕೊಂಡು, ಕೆಳಗಿನ ತಂತಿಯನ್ನು 40ಕ್ಕೆ ಏರಿಸಿ ಕಟ್ಟಿದರು.