ಮುದ್ರಣದಲ್ಲಿಲ್ಲದ ಕನ್ನಡ ಪುಸ್ತಕ ಬೇಕೆಂದರೆ ಇಂಟರ್‌ನೆಟ್ ಆರ್ಕೈವ್: ಹಲವು ವರ್ಷ ಬಳಸಿದ ಮೇಲೆ

ಅಂಗಡಿಯಲ್ಲಿ ಸಿಗದ, ಮರುಮುದ್ರಣ ಕಾಣದ ಕನ್ನಡ ಪುಸ್ತಕ ಬೇಕಾದಾಗ ನಾನು ಮೊದಲು ತೆರೆಯುವುದು ಆರ್ಕೈವ್ ಡಾಟ್ ಆರ್ಗ್. ವರ್ಷಗಳಿಂದ ಇದೇ ರೂಢಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಆ ಒಂದು ನಕ್ಷತ್ರ ಕಡಿಮೆಯಾದದ್ದು ಪುಸ್ತಕಗಳ ಕೊರತೆಯಿಂದಲ್ಲ. ಇರುವ ಪುಸ್ತಕ ಕೈಗೆ ಸಿಗದಿರುವುದರಿಂದ.

ಇದು ಆನ್‌ಲೈನ್ ಗ್ರಂಥಾಲಯ ನಡೆಸುವ, ಸ್ಯಾನ್ ಫ್ರಾನ್ಸಿಸ್ಕೋದ ಲಾಭರಹಿತ ಸಂಸ್ಥೆ. 1996ರಲ್ಲಿ ಬ್ರೂಸ್ಟರ್ ಕೇಲ್ ಶುರುಮಾಡಿದ್ದು. ಅಲ್ಲಿಗೆ ಇಷ್ಟೊಂದು ಕನ್ನಡ ಪುಸ್ತಕ ಹೇಗೆ ಹೋದವು ಎಂದು ಹೊಸಬರು ಕೇಳುತ್ತಾರೆ. ಬಹುಪಾಲು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯವು. ದೇಶದ ಬೇರೆ ಬೇರೆ ಗ್ರಂಥಾಲಯಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಆ ಯೋಜನೆಯ ತಾಣದಲ್ಲಿ ಟಿಫ್ ಚಿತ್ರಗಳಾಗಿ ಇಟ್ಟಿದ್ದರು. ಒಂದೊಂದೇ ಪುಟ ತೆರೆದು ಓದಬೇಕಿತ್ತು. ಆಮೇಲೆ ಆ ತಾಣ ಮುಚ್ಚಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಪುಸ್ತಕಗಳು ಆರ್ಕೈವ್‌ಗೆ ನಕಲಾಗಿದ್ದವು. ಇಲ್ಲದಿದ್ದರೆ ಆ ದುಡಿಮೆಯೆಲ್ಲ ಓದುಗರ ಪಾಲಿಗೆ ಇಲ್ಲವಾಗುತ್ತಿತ್ತು.

ಇವುಗಳಲ್ಲಿ ಎಷ್ಟೋ ಪುಸ್ತಕಗಳ ಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಮುದ್ರೆ ಇದೆ. 1956ರ ತನಕ ಕಲಬುರಗಿ, ರಾಯಚೂರು, ಬೀದರ್ ಸೀಮೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಅಲ್ಲಿ ಕನ್ನಡ ಪುಸ್ತಕಗಳ ಒಳ್ಳೆಯ ಸಂಗ್ರಹ ಬೆಳೆದಿರುವುದು ಸಹಜ. ಆ ಸ್ಕ್ಯಾನ್‌ಗಳ ಮೊದಲ ಪುಟದಲ್ಲೇ ದಪ್ಪ ಇಂಗ್ಲಿಷ್ ಅಕ್ಷರದ ಎಚ್ಚರಿಕೆ ಕಾಣುತ್ತದೆ: 'ಡ್ಯಾಮೇಜ್ ಬುಕ್', 'ಬ್ರೌನ್ ಬುಕ್', 'ಪೇಜಸ್ ಮಿಸ್ಸಿಂಗ್ ವಿದಿನ್ ದ ಬುಕ್ ಓನ್ಲಿ'. ಇದನ್ನು ನೋಡಿ ಬೇಸರಿಸಬೇಡಿ. ಪುಟ ಇಲ್ಲವೆಂದು ಮೊದಲೇ ಹೇಳುವ ಆ ಹಾಳೆ ಓದುಗನ ಸಮಯ ಉಳಿಸುತ್ತದೆ. ಅದರ ಹಿಂದೆಯೇ ಹಳೆಯ ತಾರೀಖು ಚೀಟಿಯೂ ಬರುತ್ತದೆ. ಯಾವ ಪುಸ್ತಕವನ್ನು ಯಾವಾಗ ಯಾರೋ ಎರವಲು ಒಯ್ದಿದ್ದರು ಎಂದು ನೋಡುತ್ತ ಕೂರುವುದು ನನಗೆ ಇಷ್ಟದ ಕೆಲಸ.

ಈಗ ಮುಖ್ಯ ತೊಂದರೆಗೆ ಬರುತ್ತೇನೆ. ಯೋಜನೆಯ ಕಾಲದಲ್ಲಿ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ, ಅದರದ್ದೇ ಒಂದು ಕಟ್ಟಳೆಯಲ್ಲಿ ಟೈಪಿಸಿದರು. ದೀರ್ಘಕ್ಕೆ ಎರಡೆರಡು 'ಎ'. ಣಕಾರಕ್ಕೆ 'ಎನ್', 'ಡಿ', ಜೊತೆಗೊಂದು ಅಡ್ಡಗೀಟು. 'ಪುರಾಣ' ಎಂದು ಕನ್ನಡದಲ್ಲಿ ಕೊಟ್ಟರೆ ಆ ಪುಸ್ತಕ ಬರದು. ಇಂಗ್ಲಿಷಿನಲ್ಲಿ ನಾವು ಸಾಮಾನ್ಯವಾಗಿ ಬರೆಯುವಂತೆ ಕೊಟ್ಟರೂ ಬರದು. ಲೇಖಕರ ಹೆಸರಿನ ಇನಿಷಿಯಲ್‌ಗಳಂತೂ ಒಂದೊಂದು ಕಡೆ ಒಂದೊಂದು ಥರ. ಸ್ಕ್ಯಾನ್ ಮಾಡಿದವರು ದಿನಕ್ಕೆ ರಾಶಿ ರಾಶಿ ಪುಟ ಮುಗಿಸಬೇಕಿತ್ತು, ಕನ್ನಡ ಲಿಪಿಯಲ್ಲಿ ಹೆಸರು ಕೂರಿಸುವ ವ್ಯವಸ್ಥೆಯೂ ಆಗ ಸಲೀಸಾಗಿರಲಿಲ್ಲ. ಕಾರಣ ಅರ್ಥವಾಗುತ್ತದೆ. ಆದರೂ ಪುಸ್ತಕವೊಂದು ಗ್ರಂಥಾಲಯದಲ್ಲಿದೆ ಎಂದರೆ ಅದು ಅದರ ಸ್ವಂತ ಹೆಸರಿನಲ್ಲಿ ಸಿಗಬೇಕು ಎಂಬುದು ನನ್ನ ಹಟ.

ಈ ಕೊರತೆಯನ್ನು ತುಂಬಲು ಹೊರಟವರು ಕನ್ನಡದ ಹುಡುಗ ಹುಡುಗಿಯರೇ. ಕನ್ನಡ ಸಾಹಿತ್ಯವನ್ನು ಅಂತರ್ಜಾಲಕ್ಕೆ ತರುವ 'ಸಂಚಯ' ತಂಡದ ಗೆಳೆಯರು 'ಸಮೂಹ ಸಂಚಯ' ಎಂಬ ಕೆಲಸ ಹೂಡಿ, ರೋಮನ್ ಶೀರ್ಷಿಕೆಗಳನ್ನು ಓದುಗರಿಂದಲೇ ಕನ್ನಡಕ್ಕೆ ತಿರುಗಿಸಿ, 'ಪುಸ್ತಕ ಸಂಚಯ' ಎಂಬ ಹುಡುಕು ತಾಣ ಕಟ್ಟಿದರು. ಸೋಷಿಯಲ್ ಮೀಡಿಯಾ ಗ್ರಂಥಾಲಯಕ್ಕೆ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಒಂದು ಕರೆ ಕೊಟ್ಟರೆ ಗುರುತಿಲ್ಲದ ಜನ ಮನೆಯಲ್ಲೇ ಕೂತು ಕ್ಯಾಟಲಾಗ್ ತಿದ್ದುತ್ತಾರೆ. ನಮ್ಮ ಕಡೆಯ ಒಂದು ಗ್ರಂಥಾಲಯದ ಫೇಸ್‌ಬುಕ್ ಪುಟದಲ್ಲಿ ಉದ್ಘಾಟನೆ, ಹಾರ ತುರಾಯಿಗಳ ಫೋಟೋ ಬೇಕಾದಷ್ಟಿವೆ. ಯಾವ ಪುಸ್ತಕ ಇದೆ ಎಂದು ಮನೆಯಿಂದ ನೋಡಲು ದಾರಿಯಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ, ಯಾಕೆಂದರೆ ಒಳಗಿನ ಸಂಗ್ರಹ ಬಹಳ ಚೆನ್ನಾಗಿದೆ.

ಆರ್ಕೈವ್‌ನಲ್ಲಿ ಆದ ದೊಡ್ಡ ಸುಧಾರಣೆ 2020ರದ್ದು. ಅದಕ್ಕೂ ಮೊದಲು ಅವರು ಬಳಸುತ್ತಿದ್ದ ಓಸಿಆರ್ (ಪುಟದ ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ) ತಂತ್ರಾಂಶಕ್ಕೆ ಭಾರತದ ಲಿಪಿಗಳು ಬರುತ್ತಿರಲಿಲ್ಲ. ಕನ್ನಡ ಪುಟದ 'ಪಠ್ಯ' ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು. ಆ ವರ್ಷ ಮುಕ್ತ ತಂತ್ರಾಂಶ ಟೆಸರಾಕ್ಟ್‌ಗೆ ಬದಲಾದ ಮೇಲೆ ಕನ್ನಡವೂ ಓದಲ್ಪಡುತ್ತಿದೆ. ಹುಡುಕು ಪೆಟ್ಟಿಗೆಯ ಕೆಳಗೆ ಪುಸ್ತಕದ ಒಳಗಿನ ಪಠ್ಯದಲ್ಲಿ ಹುಡುಕುವ ಆಯ್ಕೆಯಿದೆ, ಅದನ್ನು ಬಿಡಬೇಡಿ. ಊರಿನ ಹೆಸರೋ, ಮನೆತನದ ಹೆಸರೋ, ಮರೆತ ವಚನದ ಒಂದು ಸಾಲೋ ಕೊಟ್ಟು ನೋಡಿ. ಶೀರ್ಷಿಕೆಯಿಂದ ಎಂದೂ ಸಿಗದ ಪುಸ್ತಕ ಒಳಗಿನ ಪದದಿಂದ ಸಿಗುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಹೆಚ್ಚು, ಮಸಿ ಹರಡಿದ ಹಳೆಯ ಅಚ್ಚಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಒತ್ತಕ್ಷರವಿಲ್ಲದ ಪದ ಆರಿಸಿಕೊಂಡರೆ ಅನುಕೂಲ.

ಓದಲು ಬ್ರೌಸರ್ ಸಾಕು, ಖಾತೆಯೂ ಬೇಕಿಲ್ಲ. ಇಳಿಸಿಕೊಳ್ಳುವುದಾದರೆ ಪಿಡಿಎಫ್ ಒಳ್ಳೆಯದು. ಇಪಬ್ ಎಂಬ ಇ-ಪುಸ್ತಕದ ಕಡತ ತಾನಾಗಿಯೇ ತಯಾರಾದದ್ದು, ಕನ್ನಡಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಹಳೆಯ ಯೋಜನೆಯ ಸ್ಕ್ಯಾನ್‌ಗಳು ಕಪ್ಪು ಬಿಳುಪು, ಚಿಕ್ಕ ಫೋನಿನಲ್ಲಿ ಕಣ್ಣಿಗೆ ಶ್ರಮ. ಬೆಂಗಳೂರಿನ ಸ್ವಯಂಸೇವಕರು ಆರ್ಕೈವ್‌ನಲ್ಲೇ ಇರುವ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಸಂಗ್ರಹಕ್ಕೆ ಸೇರಿಸುತ್ತಿರುವ ಪುಸ್ತಕಗಳನ್ನು ಓದುವುದು ಇದಕ್ಕಿಂತ ಎಷ್ಟೋ ಹಿತ.

ಒಂದೇ ಜಾಗವನ್ನು ನಂಬಿ ಕೂರಬಾರದು ಎಂಬುದಕ್ಕೆ ಕಾರಣಗಳಿವೆ. 2017ರ ಆಗಸ್ಟ್‌ನಲ್ಲಿ ಸಿನಿಮಾ ಪೈರಸಿ ವಿರುದ್ಧ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಿಂದ ಇಡೀ ತಾಣವೇ ಭಾರತದಲ್ಲಿ ಕೆಲಕಾಲ ತೆರೆಯಲಿಲ್ಲ. ಅಮೆರಿಕದಲ್ಲಿ ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ಎರವಲು ಕೊಡುವುದರ ವಿರುದ್ಧ ನಾಲ್ಕು ದೊಡ್ಡ ಪ್ರಕಾಶಕರು 2020ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಆರ್ಕೈವ್ 2023ರಲ್ಲಿ ಸೋತಿತು, 2024ರ ಮೇಲ್ಮನವಿಯಲ್ಲೂ ಸೋತಿತು. ಎರವಲು ಕೊಡುತ್ತಿದ್ದ ಸುಮಾರು 5 ಲಕ್ಷ ಪುಸ್ತಕಗಳನ್ನು ತೆಗೆಯಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ತಾಣ ದಿನಗಟ್ಟಲೆ ನಿಂತಿತು, 3.1 ಕೋಟಿ ಖಾತೆಗಳ ಮಾಹಿತಿ ಸೋರಿತು. ಖಾತೆ ಇರುವವರು ಪಾಸ್‌ವರ್ಡ್ ಬದಲಿಸಿರದಿದ್ದರೆ ಇವತ್ತೇ ಬದಲಿಸಿ. ಮತ್ತೆ ಮತ್ತೆ ಬೇಕಾಗುವ ಪುಸ್ತಕವನ್ನು ಇಳಿಸಿ ಸ್ವಂತ ಡಿಸ್ಕಿನಲ್ಲೂ ಇಟ್ಟುಕೊಳ್ಳಿ.

ಹಕ್ಕಿನ ಬಗ್ಗೆಯೂ ಒಂದು ಮಾತು. ಅಲ್ಲಿರುವುದೆಲ್ಲ ಹಕ್ಕುಮುಕ್ತವಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಗೋವಿಂದ ಪೈ ಅವರು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಬರಹ ಮುಕ್ತವಾದದ್ದು 2024ರ ಜನವರಿ 1ರಂದು. ಈಚಿನ ಲೇಖಕರ ಪುಸ್ತಕದ ಪಿಡಿಎಫ್ ಕಂಡಕೂಡಲೇ ವಾಟ್ಸಾಪ್ ಗುಂಪುಗಳಿಗೆ ಹಂಚುವವರು ಇದನ್ನು ಲೆಕ್ಕ ಹಾಕಿ ನೋಡಬೇಕು. ಮುದ್ರಣದಲ್ಲಿದ್ದರೆ ಕೊಂಡು ಓದಿ.

ಹೊಸದಾಗಿ ಬಳಸುವವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಪುಸ್ತಕದ ಪುಟದ ಕೆಳಗೂ ವಿಮರ್ಶೆ ಬರೆಯುವ ಜಾಗವಿದೆ, ಅದಕ್ಕೆ ಉಚಿತ ಖಾತೆ ಸಾಕು. ಅಲ್ಲಿ ಪುಸ್ತಕದ ಸರಿಯಾದ ಹೆಸರು, ಲೇಖಕರು, ಅಚ್ಚಾದ ವರ್ಷ, ಯಾವ ಪುಟಗಳು ಇಲ್ಲ ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಮುಂದೆ ಆ ಪುಟಕ್ಕೆ ಬರುವವರು ಪುಸ್ತಕವನ್ನು ಪೂರ್ತಿ ತೆರೆಯುವ ಮೊದಲೇ ಅದು ತಮಗೆ ಬೇಕಾದದ್ದೋ ಅಲ್ಲವೋ ತಿಳಿಯುತ್ತದೆ.