ಟಿಎಲ್494 ಐಸಿ: ಸೂತ್ರ ಸರಿಯಿದೆ, ಎಡವಿದ್ದು ನಾನು

ಮಂಡ್ಯದ ನಮ್ಮ ಮನೆಯಲ್ಲಿ 12 ವೋಲ್ಟ್ ಬ್ಯಾಟರಿಗೆ, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್ ಟ್ರಾನ್ಸಿಸ್ಟರ್‌ಗಳು ಸರದಿಯಂತೆ ಟ್ರಾನ್ಸ್‌ಫಾರ್ಮರನ್ನು ನಡೆಸುವ ಪುಷ್‌-ಪುಲ್ ಕನ್ವರ್ಟರ್ ಒಂದನ್ನು ಕಟ್ಟಲೆಂದು ಮೈಸೂರಿನ ಅಂಗಡಿಯೊಂದರಿಂದ ನಾಲ್ಕು ಟಿಎಲ್494 ಐಸಿಗಳನ್ನು, ಅಂದರೆ ಆ ಸ್ವಿಚ್ಚುಗಳನ್ನು ನಿಯಂತ್ರಿಸುವ ಚಿಪ್‌ಗಳನ್ನು, ತಂದಿದ್ದೆ. ಹಳೆಯ ಕಂಪ್ಯೂಟರ್‌ಗಳ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಬಿಚ್ಚಿ ನೋಡಿದವರಿಗೆ ಈ 16 ಪಿನ್ನಿನ ಐಸಿಯಾಗಲಿ, ಅದರ ಜಾಗದಲ್ಲಿ ಕೂರುವ ಕೆಎ7500 ಆಗಲಿ ಅಪರಿಚಿತವಲ್ಲ. 7ರಿಂದ 40 ವೋಲ್ಟ್‌ವರೆಗಿನ ಪೂರೈಕೆಯಲ್ಲಿ ನಡೆಯುವುದರಿಂದ ಬ್ಯಾಟರಿ ಸ್ವಲ್ಪ ಇಳಿದರೂ ಚಿಂತೆಯಿಲ್ಲ.

ಇದರ ಆಸಿಲೇಟರ್‌ನ ಆವೃತ್ತಿಯನ್ನು (ಸೆಕೆಂಡಿಗೆ ಎಷ್ಟು ಮಿಡಿತ ಎಂಬುದನ್ನು) 6ನೇ ಪಿನ್ನಿನ ರೆಸಿಸ್ಟರ್ ಮತ್ತು 5ನೇ ಪಿನ್ನಿನ ಕೆಪಾಸಿಟರ್ ಎಂಬ ಎರಡೇ ಬಿಡಿಭಾಗಗಳು ನಿರ್ಧರಿಸುತ್ತವೆ, 1.1 ಅನ್ನು ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಲೆಕ್ಕ ಮುಗಿಯಿತು. ನನಗೆ ಬೇಕಾಗಿದ್ದದ್ದು 50 ಕಿಲೋಹರ್ಟ್ಸ್. 22 ಕಿಲೋ ಓಮ್ ಮತ್ತು 1 ನ್ಯಾನೋಫ್ಯಾರಡ್ ಹಾಕಿದರೆ ಉತ್ತರ ಸರಿಯಾಗಿ 50 ಬರುತ್ತದೆ ಎಂದು ಹಿಗ್ಗಿ ಬೆಸುಗೆ ಹಾಕಿದೆ. ಆದರೆ 13ನೇ ಪಿನ್ನನ್ನು 5 ವೋಲ್ಟ್ ರೆಫರೆನ್ಸಿಗೆ ಜೋಡಿಸಿ ಪುಷ್‌-ಪುಲ್ ಮಾಡಿದಾಗ ಎರಡು ಔಟ್‌ಪುಟ್‌ಗಳು ಸರದಿಯ ಮೇಲೆ ಕೆಲಸ ಮಾಡುತ್ತವೆ, ಆದ್ದರಿಂದ ಟ್ರಾನ್ಸ್‌ಫಾರ್ಮರ್‌ಗೆ ದೊರೆಯುವುದು ಅದರ ಅರ್ಧ, ಅಂದರೆ 25 ಮಾತ್ರ. ಅದೇ ಸುತ್ತುಗಳಿಗೆ ಅರ್ಧ ಆವೃತ್ತಿ ಎಂದರೆ ಕೋರ್‌ನಲ್ಲಿ ಎರಡರಷ್ಟು ಫ್ಲಕ್ಸ್ (ಕಾಂತೀಯ ಹರಿವು). ಮಾಸ್ಫೆಟ್‌ಗಳು ಮುಟ್ಟಲಾಗದಷ್ಟು ಕಾದವು. ಐಸಿಯನ್ನು ಎರಡು ದಿನ ಬೈದ ಮೇಲೆ ತಪ್ಪು ನನ್ನದೆಂದು ತಿಳಿಯಿತು.

ಟ್ರಾನ್ಸ್‌ಫಾರ್ಮರ್‌ಗೆ 50 ಸಿಗಬೇಕಾದರೆ ಆಸಿಲೇಟರ್ 100ರಲ್ಲಿ ನಡೆಯಬೇಕು. 100 ಕಿಲೋಹರ್ಟ್ಸ್‌ಗೆ 11 ಕಿಲೋ ಓಮ್ ಬೇಕು. ಕೈಯಲ್ಲಿದ್ದದ್ದು 12, ಲೆಕ್ಕದಂತೆ ಸುಮಾರು 91.7, ಟ್ರಾನ್ಸ್‌ಫಾರ್ಮರ್‌ನಲ್ಲಿ 45.8, ಅಷ್ಟು ಸಾಕು ಎಂದುಕೊಂಡೆ. ಆದರೆ 5ನೇ ಪಿನ್ನಿನಲ್ಲಿ ಅಳೆದಾಗ ಕಂಡದ್ದು 83! 102 (ಅಂದರೆ 1 ನ್ಯಾನೋಫ್ಯಾರಡ್) ಎಂದು ಬರೆದಿದ್ದ ಸೆರಾಮಿಕ್ ಡಿಸ್ಕನ್ನು ಬಿಚ್ಚಿ ಮೀಟರ್‌ಗೆ ಕೊಟ್ಟರೆ ಅದು 1.1 ನ್ಯಾನೋಫ್ಯಾರಡ್ ಇತ್ತು. ಅದನ್ನು ತೆಗೆದು ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದ ಮೇಲೆ ಆವೃತ್ತಿ 91ಕ್ಕೆ ಬಂದು ನಿಂತಿತು, ಮಧ್ಯಾಹ್ನದ ಬಿಸಿಲಿನಲ್ಲೂ ಹೇಳಿಕೊಳ್ಳುವಷ್ಟು ಸರಿಯಲಿಲ್ಲ. ಅಂಗಡಿಯವರು ಬೇರೆಬೇರೆ ಗುಣಮಟ್ಟದ ಕೆಪಾಸಿಟರ್‌ಗಳನ್ನು ಒಂದೇ ಡಬ್ಬದಲ್ಲಿ ಸುರಿದಿಟ್ಟು ಮಾರುವುದರ ಬಗ್ಗೆ ನನಗೆ ತಕರಾರಿದೆ. ಐಸಿಗಳ ಬಗ್ಗೆ ಇಲ್ಲ, ನಾಲ್ಕೂ ಒಂದೇ ರೀತಿ ನಡೆದವು.

ಒಂದು ಕೊರತೆಯನ್ನು ಹೇಳಲೇಬೇಕು. ಇದರ ಔಟ್‌ಪುಟ್ ಬರಿಯ ಟ್ರಾನ್ಸಿಸ್ಟರ್ ಆದ್ದರಿಂದ ಮಾಸ್ಫೆಟ್‌ನ ಗೇಟಿನ (ನಿಯಂತ್ರಣ ಕಾಲಿನ) ವೋಲ್ಟೇಜನ್ನು ಏರಿಸಬಲ್ಲದೇ ಹೊರತು ತಾನಾಗಿ ಇಳಿಸಲಾರದು, ಅದಕ್ಕೆ ಪ್ರತ್ಯೇಕ ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳನ್ನು ಸೇರಿಸಬೇಕಾಯಿತು. ಇಂಥದೇ ಕೆಲಸದ ಇನ್ನೊಂದು ಐಸಿಯಾದ ಎಸ್‌ಜಿ3525ರಲ್ಲಿ ಈ ತಾಪತ್ರಯವಿಲ್ಲ, ಆದರೆ ಅದರ ಆವೃತ್ತಿಯ ಸೂತ್ರದಲ್ಲಿ ಡಿಸ್ಚಾರ್ಜ್ ರೆಸಿಸ್ಟರ್ ಕೂಡ ಸೇರುತ್ತದೆ, ಅರ್ಧ ಮಾಡುವ ಲೆಕ್ಕ ಅಲ್ಲಿಯೂ ತಪ್ಪುವುದಿಲ್ಲ. ಉಳಿದ ಮೂರು ಟಿಎಲ್494ಗಳನ್ನು ನಾನು ಹಿಂದಿರುಗಿಸಿಲ್ಲ.