ಮೊದಲ ಜೂನಿಪರ್ ಬೋನ್ಸಾಯ್: ಶಿಂಪಾಕುವೋ, ಪ್ರೊಕಂಬೆನ್ಸ್ ನಾನಾವೋ?

ಜೂನಿಪರ್ ಅನ್ನೋ ನಿತ್ಯಹಸಿರು ಗಿಡವನ್ನು ಬೋನ್ಸಾಯ್ ಆಗಿ, ಅಂದರೆ ಕುಂಡದಲ್ಲಿ ಪುಟ್ಟ ಮರವಾಗಿ ಬೆಳೆಸೋಣ ಅಂತ ಹೊರಟವರಿಗೆ ಮೊದಲು ಎದುರಾಗುವುದು ಜಪಾನಿನ ಈ ಎರಡು ಗಿಡಗಳೇ.

ಪ್ರೊಕಂಬೆನ್ಸ್ ನಾನಾ ನೆಲಕ್ಕೆ ಹರಡುವ ಗಿಡ. ಎಲೆ ಸೂಜಿಯಂತೆ. ಆಕಾರ ಕೊಡಲು ಕೊಂಬೆಗೆ ತಂತಿ ಸುತ್ತುವಾಗ ಬೆರಳಿಗೆಲ್ಲ ಚುಚ್ಚುತ್ತದೆ. ಆದರೆ ಕೊಂಬೆ ಚೆನ್ನಾಗಿ ಬಾಗುತ್ತದೆ. ಕುಂಡದ ಅಂಚಿನಿಂದ ಕೆಳಗಿಳಿಯುವ ಕೆಂಗೈ ಶೈಲಿಗೆ ಹೇಳಿ ಮಾಡಿಸಿದ ಹಾಗಿದೆ.

ಶಿಂಪಾಕು ಬೇರೆಯೇ. ಎಲೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿರುತ್ತವೆ, ಕೈಗೆ ಮೆತ್ತಗೆ. ತೊಗಟೆ ಸುಲಿದು ಬೆಳ್ಳಗಾಗಿಸಿದ ಒಣಕೊಂಬೆಗೆ ಜಿನ್ ಅಂತಾರೆ. ಅದರ ಪಕ್ಕದಲ್ಲೇ ಜೀವ ಇರುವ ಕೆಂಗಂದು ತೊಗಟೆ ಏರಿ ಹೋಗುವ ಚೆಂದವನ್ನು ಇದರಲ್ಲೇ ನೋಡಬೇಕು! ಒಂದೇ ಸಲಕ್ಕೆ ಜಾಸ್ತಿ ಕತ್ತರಿಸಿದರೆ ಮಾತ್ರ ಮುನಿಸಿಕೊಂಡು ಸೂಜಿಯಂಥ ಎಲೆ ಚಿಗುರಿಸುತ್ತದೆ. ಮೊದಲಿನ ಹುರುಪೆಯಂಥ ಎಲೆ ಮರಳಲು ವರ್ಷಗಳೇ ಬೇಕಾಗಬಹುದು.

ಕೈ ಪಳಗಲಿ ಅಂದರೆ ಪ್ರೊಕಂಬೆನ್ಸ್ ನಾನಾ ತಗೊಳ್ಳಿ. ಹತ್ತಾರು ವರ್ಷ ತಿದ್ದುವ ಮನಸ್ಸಿದ್ದರೆ ನನ್ನ ಮತ ಶಿಂಪಾಕುವಿಗೇ.

ಎರಡಕ್ಕೂ ಬಿಸಿಲು ಬೇಕು, ಮನೆಯೊಳಗೆ ಇಡಲೇಬೇಡಿ. ಬೇರು ಸತ್ತ ಮೇಲೂ ಜೂನಿಪರ್ ವಾರಗಟ್ಟಲೆ ಹಸಿರಾಗೇ ಕಾಣುತ್ತದೆ. ಬಣ್ಣ ನೋಡಿ ನಂಬಬೇಡಿ, ದಿನಾ ಮಣ್ಣಿಗೆ ಬೆರಳಿಟ್ಟು ತೇವ ಇದೆಯಾ ನೋಡಿ.